ಸಾಕ್ಸಿನಲ್ಲಿ ಹೊಡೆಸಿದ ಗೋಲು

ಚಿಕಾಗೋದ ಫುಟ್‌ಬಾಲ್ ಕ್ಲಬ್ಬಿಗೆ ಒಂದು ವರ್ಷದ ಮಟ್ಟಿಗೆ ಎರವಲು ಬಂದಿದ್ದ ಉರುಗ್ವೆಯ ಹುಡುಗನ ಬಗ್ಗೆ ಅಭಿಮಾನಿಗಳ ವೆಬ್‌ಸೈಟಿನಲ್ಲಿ ಒಂದು ಪುಟವಿದೆ. ಸ್ಟ್ರೈಕರ್, ಎಡಗಾಲಿನವನು, ಹದಿನೇಳಕ್ಕೇ ಊರಿನ ದೊಡ್ಡ ತಂಡ ಸೇರಿದವನು, ದೇಶದ ಇಪ್ಪತ್ತರ ಒಳಗಿನ ತಂಡದಲ್ಲಿ ಆಡಿದವನು. ಅಲ್ಲಿಯವರೆಗೆ ಎಲ್ಲ ಸರಿ. ಆಮೇಲೆ ಬರುವ ವಾಕ್ಯ ಇದು: ‘ಪ್ರತಿಭೆಯಿತ್ತು, ಶಿಸ್ತಿರಲಿಲ್ಲ, ಬಿಡುವಿನ ದಿನ ಪಾರ್ಟಿಯೊಂದರಲ್ಲಿ ಬಿದ್ದು ಮಂಡಿ ಕೆಡಿಸಿಕೊಂಡ.’ ನಾನು ಅದನ್ನು ತಿದ್ದಿದೆ. ಮರುದಿನ ಯಾರೋ ಹಳೆಯದನ್ನೇ ಹಾಕಿದರು. ಮತ್ತೆ ತಿದ್ದಿದೆ. ‘ಆಧಾರ ಎಲ್ಲಿದೆ?’ ಎಂದು ಕೇಳಿದರು. ಆಧಾರ ನನ್ನ ಕಣ್ಣು. ಆ ಪಾರ್ಟಿಯಲ್ಲಿ ನಾನಿದ್ದೆ. ಅದು ಪಾರ್ಟಿಯಲ್ಲ, ಯುಗಾದಿ.

ನಾನು ಚಿಕಾಗೋ ಹೊರವಲಯದ ಶಾಮ್‌ಬರ್ಗ್‌ನಲ್ಲಿ ಒಂದು ವಿಮಾ ಕಂಪನಿಗೆ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡುತ್ತೇನೆ. ಹೈಸ್ಕೂಲಿನಿಂದಲೂ ಡೈರಿ ಬರೆಯುವ ಅಭ್ಯಾಸ. ವಾರ, ತಾರೀಖು, ಹವಾಮಾನ, ನೋಡಿದ ಪಂದ್ಯ, ಯಾರು ಎಷ್ಟು ಹೊತ್ತು ಆಡಿದರು, ಎಷ್ಟು ಸಲ ಗುರಿಯಿಟ್ಟರು, ಎಲ್ಲ ಬರೆದಿಡುತ್ತೇನೆ. ಹೋದ ವರ್ಷ ಜುಲೈ ಕೊನೆಯ ವಾರ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ಕೋಣೆಯಲ್ಲಿ ಅವನು ಡ್ರೈಯರಿನ ಮುಂದೆ ನಿಂತು ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತಿದ್ದ. ಶಾಲೆಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ನಾನು ವಿವರಿಸಿದೆ. ಅವನಿಗೆ ಇಪ್ಪತ್ತು ವರ್ಷ. ಲೈಸೆನ್ಸ್ ಇರಲಿಲ್ಲ, ಅಭ್ಯಾಸಕ್ಕೆ ಕ್ಲಬ್ಬಿನವರೇ ಕರೆದೊಯ್ದು ಬಿಡುತ್ತಿದ್ದರು. ಅಂಗಡಿಗೆ, ಬ್ಯಾಂಕಿಗೆ ಹೋಗಬೇಕಾದರೆ ನನ್ನ ಬಾಗಿಲು ತಟ್ಟುತ್ತಿದ್ದ. ತಟ್ಟಿದಾಗಲೆಲ್ಲ ಮೊದಲ ಮಾತು ‘ತೊಂದರೆ ಕೊಟ್ಟೆ’ ಎನ್ನುವುದೇ. ಊರಿನಲ್ಲಿ ಅವನಿಗೊಬ್ಬ ಗೆಳತಿ ಇದ್ದಳು, ದಿನಕ್ಕೆ ಮೂರು ಸಲ ವಿಡಿಯೋ ಕರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಜನ ಮೊದಲು ಕೇಳುವುದೇ ಅದನ್ನು.

ಒಂದು ಸಲ ಅವನ ಪಂದ್ಯದ ಲೆಕ್ಕ ತೋರಿಸಿದೆ. ‘ಚೆಂಡು ನಿನ್ನ ಕಾಲಿಗೆ ಬಂದದ್ದೇ ಕಡಿಮೆ’ ಅಂದೆ. ಅವನು ನಕ್ಕ.

‘ನೀನು ನನ್ನನ್ನು ಎಣಿಸ್ತಾ ಇದ್ದೀಯ. ನನ್ನನ್ನ ಕಾಯೋ ಡಿಫೆಂಡರ್‌ನ ಎಣಿಸು. ಅವನು ಎಷ್ಟು ಸಲ ಹಿಂದೆ ತಿರುಗಿ ನೋಡ್ದ ಅಂತ. ಅಷ್ಟು ಸಲ ಬೇರೆ ಯಾರಿಗೋ ಜಾಗ ಸಿಕ್ಕಿದೆ.’

ಅಂದಿನಿಂದ ನಾನು ಪಂದ್ಯ ನೋಡುವ ರೀತಿಯೇ ಬದಲಾಯಿತು. ಚೆಂಡು ಬಿಟ್ಟು ಅವನನ್ನು ನೋಡಲು ಕಲಿತೆ. ಅವನು ಎರಡು ಹೆಜ್ಜೆ ಮುಂದೆ ಹೋಗಿ ಒಂದು ಹೆಜ್ಜೆ ಹಿಂದೆ ಬರುತ್ತಿದ್ದ. ಇಬ್ಬರು ಡಿಫೆಂಡರ್‌ಗಳು ಒಬ್ಬರನ್ನೊಬ್ಬರು ಕೂಗಿಕೊಳ್ಳುತ್ತಿದ್ದರು. ಚಳಿಗಾಲದ ಬಿಡುವು ಮುಗಿದು ಫೆಬ್ರವರಿಯಲ್ಲಿ ಹೊಸ ಸೀಸನ್ ಶುರುವಾದಾಗ ಕೋಚ್ ಅವನನ್ನು ಪಂದ್ಯದ ಮೊದಲಿನಿಂದಲೇ ಆಡಿಸತೊಡಗಿದ. ಮೊದಲ ಐದು ಪಂದ್ಯಗಳಲ್ಲಿ ಮೂರು ಗೋಲು. ಕ್ಲಬ್ಬಿನವರು ಅವನ ಮುಖವನ್ನು ಪೋಸ್ಟರಿಗೆ ಹಾಕಿದರು. ಅವನನ್ನು ಕೊಂಡುಕೊಳ್ಳುವ ಹಕ್ಕು ಕ್ಲಬ್ಬಿಗೆ ಜೂನ್ ಕೊನೆಯವರೆಗೆ ಇತ್ತು. ಕೊಂಡರೆ ನಾಲ್ಕು ವರ್ಷದ ಕರಾರು. ಬಿಟ್ಟರೆ, ಅವನನ್ನು ಈಗಾಗಲೇ ಮರೆತಿದ್ದ ಹಳೆಯ ತಂಡಕ್ಕೆ ವಾಪಸ್. ಅವನ ತಂಗಿಯನ್ನು ಇಲ್ಲಿಗೆ ಓದಲು ಕರೆಸಬೇಕೆಂದು ಕಾಲೇಜುಗಳ ಹೆಸರನ್ನೂ ನನ್ನಿಂದ ಕೇಳಿಕೊಂಡಿದ್ದ.

ಮಾರ್ಚ್‌ನಲ್ಲಿ ನನ್ನ ಸೋದರಮಾವ ಆಫೀಸಿನ ಕೆಲಸಕ್ಕೆಂದು ಶಾಮ್‌ಬರ್ಗ್‌ಗೆ ಬಂದರು. ಮಾವ ಇರುವುದು ಮಿಷಿಗನ್‌ನಲ್ಲಿ, ಸೌತ್‌ಫೀಲ್ಡ್‌ನ ಆಫೀಸೊಂದರಲ್ಲಿ ದೊಡ್ಡ ಕೆಲಸ. ಮೈಸೂರಿನ ಇಂಜಿನಿಯರು. ಆ ವರ್ಷ ಅಲ್ಲಿಯ ಕನ್ನಡ ಕೂಟದ ಅಧ್ಯಕ್ಷರು. ನನ್ನ ಮನೆಯಲ್ಲಿ ಊಟ ಮಾಡುತ್ತಿದ್ದಾಗ ಹುಡುಗ ಬಂದು ಬಾಗಿಲು ತಟ್ಟಿದ. ಪರಿಚಯಿಸಿದೆ. ಮಾವ ಅವನ ಜೊತೆ ನಾಲ್ಕು ಸೆಲ್ಫಿ ತೆಗೆದುಕೊಂಡರು. ಅವನು ಹೋದಮೇಲೆ ಕೇಳಿದರು:

‘ನಿಜವಾಗ್ಲೂ ಒಳ್ಳೆ ಪ್ಲೇಯರ್ರಾ?’

‘ಐದು ಮ್ಯಾಚಲ್ಲಿ ಮೂರು ಗೋಲು ಮಾವ.’

‘ಮೂರಾ? ಅಂದ್ರೆ ಆವರೇಜ್ ಒಂದೂ ಇಲ್ವಲ್ಲೇ!’

‘ಇದು ಕ್ರಿಕೆಟ್ ಅಲ್ಲ ಮಾವ.’

‘ಇರ್ಲಿ ಬಿಡು. ಯುಗಾದಿಗೆ ಕರೆಯೋಣ. ಚೀಫ್ ಗೆಸ್ಟು. ಪ್ರತಿ ವರ್ಷ ಅದೇ ಡಾಕ್ಟ್ರು, ಅದೇ ರಿಯಲ್ ಎಸ್ಟೇಟ್‌ನೋರು. ಈ ಸಲ ಇಂಟರ್‌ನ್ಯಾಷನಲ್ ಪ್ಲೇಯರ್!’

ಬೇಡ ಎಂದು ನಾನು ಅಲ್ಲೇ ಹೇಳಿದೆ. ಕ್ಲಬ್ಬಿನ ಅನುಮತಿಯಿಲ್ಲದೆ ಅವನು ಎಲ್ಲೂ ಅತಿಥಿಯಾಗಿ ಹೋಗುವಂತಿಲ್ಲ, ಸೀಸನ್ ನಡೆಯುತ್ತಿದೆ, ಮುನ್ನೂರು ಮೈಲಿ ದೂರ. ‘ನೀನು ಸುಮ್ನಿರೇ. ಒಂದು ಭಾನುವಾರ, ಊಟ ಮಾಡ್ಕೊಂಡು ಹೋಗ್ತಾನೆ’ ಅಂದರು ಮಾವ. ಅವತ್ತೇ ಕೆಳಗಿಳಿದು ಅವನ ಬಾಗಿಲು ತಟ್ಟಿ ಅವರೇ ಕರೆದರು. ಸಾಂಸ್ಕೃತಿಕ ಹಬ್ಬ, ಮಕ್ಕಳು, ಗೌರವ, ಇಷ್ಟು ಪದ ಅವನಿಗೆ ಅರ್ಥವಾಯಿತು. ಗೌರವ ಎಂದರೆ ಏನು ಮಾಡುತ್ತಾರೆ ಎಂದು ನನ್ನನ್ನು ಕೇಳಿದ. ಶಾಲು ಹೊದಿಸಿ ಪೇಟ ಇಡುತ್ತಾರೆ ಅಂದೆ. ‘ಅಮ್ಮನಿಗೆ ಫೋಟೋ ಕಳಿಸ್ತೀನಿ’ ಅಂದ. ಈ ದೇಶದಲ್ಲಿ ಅಲ್ಲಿಯವರೆಗೆ ಅವನನ್ನು ಯಾರೂ ಮನೆಗೆ ಊಟಕ್ಕೂ ಕರೆದಿರಲಿಲ್ಲ. ಹೋಗೇ ಹೋಗುತ್ತೇನೆ ಎಂದ.

ಕೂಟದ ಆಹ್ವಾನ ಪತ್ರಿಕೆ ವಾಟ್ಸಾಪಿನಲ್ಲಿ ಬಂತು. ‘ಉರುಗ್ವೆ ರಾಷ್ಟ್ರೀಯ ತಂಡದ ತಾರೆ’ ಎಂದು ಬರೆದಿತ್ತು. ಪಕ್ಕದಲ್ಲಿ ಅರ್ಜೆಂಟೀನಾದ ಬಾವುಟ. ಮಾವನಿಗೆ ಫೋನ್ ಮಾಡಿದೆ.

‘ಎರಡೂ ನೀಲಿ ಬಿಳಿನೇ ಅಲ್ವೇನೇ?’

‘ಮಾವ, ಅವನು ಆಡಿರೋದು ಅಂಡರ್ ಟ್ವೆಂಟಿ.’

‘ಅಂಡರ್ ಟ್ವೆಂಟಿ ಅಂತ ಹಾಕಿದ್ರೆ ಯಾರು ಬರ್ತಾರೆ?’

ಏಪ್ರಿಲ್‌ನಲ್ಲಿ, ಶನಿವಾರದ ಪಂದ್ಯದ ಮರುದಿನ, ಬೆಳಗ್ಗೆ ಹೊರಟೆವು. ಮೂವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಚಳಿ, ಮೋಡ. ಅವನು ಹಿಂದಿನ ದಿನ ಮುಕ್ಕಾಲು ಪಂದ್ಯ ಆಡಿದ್ದ, ಕಾಲು ಚಾಚಿಕೊಂಡು ದಾರಿಯುದ್ದಕ್ಕೂ ಮಲಗಿದ. ಸೌತ್‌ಫೀಲ್ಡ್ ಹತ್ತಿರದ ಒಂದು ಶಾಲೆಯಲ್ಲಿ ಕಾರ್ಯಕ್ರಮ. ಊಟಕ್ಕೂ ನಾಟಕಕ್ಕೂ ಒಂದೇ ಹಾಲ್. ಒಂದು ತುದಿಯಲ್ಲಿ ಎತ್ತರದ ಮರದ ವೇದಿಕೆ, ಅದಕ್ಕೆ ಹೊಸದಾಗಿ ಪಾಲಿಶ್ ಮಾಡಿದ್ದರು. ವೇದಿಕೆಯ ಮೇಲೆ ಭುವನೇಶ್ವರಿಯ ಪಟ, ಎರಡು ದೀಪದ ಕಂಬ. ಶಾಲೆಯವರು ಬೆಂಕಿ ಹಚ್ಚಬಾರದೆಂದಿದ್ದರಿಂದ ದೀಪಕ್ಕೆ ಬ್ಯಾಟರಿ. ಮೆಟ್ಟಿಲ ಬಳಿ ಸ್ವಯಂಸೇವಕಿ ಆಂಟಿಯೊಬ್ಬರು ನಿಂತು ಹತ್ತುವವರೆಲ್ಲರ ಚಪ್ಪಲಿ ಬಿಡಿಸುತ್ತಿದ್ದರು. ಅವನೂ ಶೂ ಬಿಚ್ಚಿ ಜೋಡಿಸಿಟ್ಟು ಬಿಳಿ ಸಾಕ್ಸಿನಲ್ಲಿ ಹತ್ತಿದ.

ಬ್ಯಾಟರಿ ದೀಪದ ಸ್ವಿಚ್ ಒತ್ತಿದ. ಬೇವು ಬೆಲ್ಲ ತಿಂದ, ಮುಖ ಕಿವುಚಲಿಲ್ಲ. ಮೈಸೂರು ಪೇಟ ಅವನಿಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿದಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಎರಡನೇ ಸಾಲಿನಲ್ಲಿ, ಮಾವನ ಊರಿನಲ್ಲೇ ಇರುವ ನನ್ನ ಅಮ್ಮ ಕೂತಿದ್ದಳು, ‘ಎಷ್ಟು ಲಕ್ಷಣವಾಗಿದಾನಲ್ಲೇ, ನಮ್ಮೂರಿನ ಮದುವೆ ಗಂಡಿನ ಹಾಗೆ’ ಅಂದಳು. ಅವನು ಸ್ಪ್ಯಾನಿಷ್‌ನಲ್ಲಿ ನಾಲ್ಕು ಮಾತು ಆಡಿದ. ನಾನು ಕೆಳಗಿನಿಂದ ಕನ್ನಡಕ್ಕೆ ಹೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು.

ಮಾವನ ಕೈಯಲ್ಲಿ ಮೈಕ್ ಇತ್ತು. ಮಾವನ ಕೈಗೆ ಮೈಕ್ ಸಿಕ್ಕರೆ ಬಿಡಿಸಿಕೊಳ್ಳುವುದು ಕಷ್ಟ. ‘ಮಕ್ಕಳೇ, ನಿಮ್ಮ ಮುಂದೆ ನಿಜವಾದ ಸ್ಟ್ರೈಕರ್ ನಿಂತಿದಾನೆ! ಒಂದು ಗೋಲು ನೋಡ್ಬೇಕಾ ಬೇಡ್ವಾ?’ ಮಕ್ಕಳು ಕಿರುಚಿದವು. ಯಾರೋ ಆಟದ ಸಾಮಾನಿನ ಕಪಾಟಿನಿಂದ ಚೆಂಡು ತಂದರು. ವೇದಿಕೆಯ ಬದಿಯಲ್ಲಿ ಎರಡು ಕುರ್ಚಿ ಇಟ್ಟು ಗೋಲು ಮಾಡಿದರು. ಅವನು ನನ್ನ ಕಡೆ ನೋಡಿದ. ನಾನು ಬೇಡ ಎಂದು ತಲೆಯಾಡಿಸಿದೆ. ಅವನು ಮಾವನಿಗೆ ಕೈಸನ್ನೆಯಲ್ಲಿ ಬೇಡ ಎಂದ. ಮಾವ ಮೈಕಿನಲ್ಲಿ, ‘ನೋಡಿ, ಎಷ್ಟು ನಾಚಿಕೆ! ಒನ್ ಕಿಕ್! ಒನ್ ಕಿಕ್!’ ಹಾಲ್ ಪೂರ್ತಿ ಅದನ್ನೇ ಕೂಗಿತು. ಅವನು ಮೆಟ್ಟಿಲ ಕಡೆ ನಡೆದು ಶೂ ತೋರಿಸಿದ.

‘ನೋ ನೋ, ನೋ ಶೂಸ್. ದೇವರಿದೆ ಇಲ್ಲಿ. ಸಾಕ್ಸಲ್ಲೇ ಹೊಡಿ, ಮೆಲ್ಲಗೆ.’

ಇದನ್ನು ನಾನು ಒಂದೂ ಪದ ಬಿಡದೆ ಅವತ್ತೇ ಬರೆದಿಟ್ಟಿದ್ದೇನೆ. ಬರೆಯದಿದ್ದರೂ ಮರೆಯುತ್ತಿರಲಿಲ್ಲ.

ಪೇಟ, ಶಾಲು, ಹಾರದ ಸಮೇತ ಅವನು ಎಡಗಾಲು ಬೀಸಿದ. ಹೊಡೆಯುವ ಕಾಲಿಗೆ ಏನೂ ಆಗುವುದಿಲ್ಲ. ಮೈಭಾರ ಹೊತ್ತು ನಿಂತ ಕಾಲು ಗಟ್ಟಿಯಾಗಿರಬೇಕು. ಹುಲ್ಲಿನಲ್ಲಿ ಬೂಟಿನ ಮೊಳೆಗಳು ಅದನ್ನು ಹಿಡಿದುಕೊಳ್ಳುತ್ತವೆ. ಪಾಲಿಶ್ ಮಾಡಿದ ಮರದ ಮೇಲೆ ನೂಲಿನ ಸಾಕ್ಸು ಏನನ್ನು ಹಿಡಿಯುತ್ತದೆ? ಬಲಗಾಲು ಹೊರಕ್ಕೆ ಜಾರಿತು, ಮಂಡಿ ಒಳಕ್ಕೆ ತಿರುಚಿತು. ಅವನು ಕೂತಂತೆ ಬಿದ್ದ. ಪೇಟ ಉರುಳಿತು. ಚೆಂಡು ಕುರ್ಚಿಗಳ ನಡುವೆ ಹೋಯಿತು. ಇಡೀ ಹಾಲ್ ನಕ್ಕಿತು. ಬೇಕೆಂದೇ ಬಿದ್ದ ಎಂದುಕೊಂಡರು. ಮಾವ ಮೈಕಿನಲ್ಲಿ ಕೂಗಿದರು: ‘ಬಿದ್ದರೂ ಗೋಲು! ಜೋರಾಗಿ ಚಪ್ಪಾಳೆ!’

ನಾನು ವೇದಿಕೆ ಹತ್ತಿದೆ. ಚಪ್ಪಲಿ ಬಿಟ್ಟೆನೋ ಇಲ್ಲವೋ ನೆನಪಿಲ್ಲ; ಬಿಡಲಿಲ್ಲ ಎಂದು ಆಮೇಲೆ ಯಾರೋ ಆಕ್ಷೇಪಿಸಿದರಂತೆ. ಅವನ ಮುಖ ಬಿಳಿಚಿಕೊಂಡಿತ್ತು. ‘ಆಸ್ಪತ್ರೆಗೆ ಹೋಗಬೇಕು’ ಅಂದೆ. ಮಾವ ಮೈಕನ್ನು ಕೆಳಗಿಳಿಸಿ ಪಿಸುಗುಟ್ಟಿದರು:

‘ಈಗ ಎದ್ದು ಹೋದ್ರೆ ಚೆನ್ನಾಗಿರಲ್ಲ ಕಣೇ. ಮಕ್ಕಳ ಡ್ಯಾನ್ಸ್ ಎರಡೇ ಎರಡಿದೆ. ವಂದನಾರ್ಪಣೆ ಆಗ್ಲಿ. ಐಸ್ ತರಿಸ್ತೀನಿ.’

ಅತಿಥಿ ವಂದನಾರ್ಪಣೆಗೆ ಮೊದಲು ಏಳಬಾರದು. ನಮ್ಮ ಸಭೆಗಳ ಈ ನಿಯಮ ಅವನಿಗೆ ಗೊತ್ತಿರಲಿಲ್ಲ, ಆದರೆ ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳಬೇಕು ಎಂಬ ಮರ್ಯಾದೆ ಅವನ ಊರಲ್ಲೂ ಇದ್ದಿರಬೇಕು. ‘ಪರವಾಗಿಲ್ಲ, ಹುಡುಗಿಯರು ಕುಣೀಲಿ’ ಅಂದ. ಐಸ್ ಬಂತು, ಪಾನಕದ ಪಾತ್ರೆಯಿಂದ ತೆಗೆದದ್ದು, ಬೆಲ್ಲದ ಬಣ್ಣ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಪ್ಯಾಂಟಿನ ಮೇಲೇ ಒತ್ತಿ ಹಿಡಿದುಕೊಂಡು, ಶಾಲು ಹೊದ್ದುಕೊಂಡು, ಎರಡು ಡ್ಯಾನ್ಸ್, ಒಂದು ಭಾವಗೀತೆ, ದಾನಿಗಳ ಹೆಸರು, ಎಲ್ಲವೂ ಮುಗಿಯುವವರೆಗೆ ಕೂತ. ಭಾವಗೀತೆ ಕಾರ್ಯಕ್ರಮದಲ್ಲಿ ಇರಲೇ ಇಲ್ಲ. ಖಜಾಂಚಿಯ ಹೆಂಡತಿ ಹಾಡಬೇಕೆಂದರು, ಹಾಡಿದರು.

ವಾಪಸ್ ಬರುವಾಗ ದಾರಿಯಲ್ಲಿ ಆಸ್ಪತ್ರೆಗೆ ತಿರುಗಿಸುತ್ತೇನೆ ಎಂದೆ. ಬೇಡ ಎಂದ. ಕ್ಲಬ್ಬಿನ ಡಾಕ್ಟರಿಗಿಂತ ಮೊದಲು ಬೇರೆಯವರಿಗೆ ತೋರಿಸಿದರೆ ಎಲ್ಲ ಬಯಲಾಗುತ್ತದೆ. ಮರುದಿನ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಜಾರಿದೆ ಎಂದು ಕ್ಲಬ್ಬಿಗೆ ಹೇಳಿದ. ಮಂಡಿಯ ಒಳಗಿನ ಲಿಗಮೆಂಟ್ ಪಟ್ಟಿಯೊಂದು ಅರ್ಧ ಹರಿದಿತ್ತು. ಆಪರೇಷನ್ ಬೇಡ, ಆದರೆ ಜೂನ್‌ವರೆಗೆ ಆಟ ಇಲ್ಲ.

ಆಮೇಲಿನ ವಾರಗಳಲ್ಲಿ ಜನ ಬರೆದದ್ದನ್ನು ಓದಬಾರದಿತ್ತು, ಎಲ್ಲವನ್ನೂ ಓದಿದೆ. ಮೂರು ಗೋಲಿಗೆ ಅವನನ್ನು ಹೊತ್ತು ಮೆರೆಸಿದವರೇ ‘ಗಾಜಿನ ಹುಡುಗ’ ಎಂದರು. ಶನಿವಾರ ಆಡಿದವನು ಸೋಮವಾರ ಮೆಟ್ಟಿಲಲ್ಲಿ ಬಿದ್ದನೆಂದರೆ ನಡುವೆ ಏನಿತ್ತು ಎಂದು ಒಬ್ಬ ಕೇಳಿದ. ಬಾಟಲಿ ಎಂದು ಇನ್ನೊಬ್ಬ ಉತ್ತರಿಸಿದ. ಮೂರನೆಯವನು ಅವನನ್ನು ಬಾರೊಂದರಲ್ಲಿ ನೋಡಿದೆ ಎಂದ. ಹುಡುಗ ಕುಡಿಯುತ್ತಿದ್ದದ್ದು ತನ್ನೂರಿನ ‘ಮಾತೆ’ ಎಂಬ ಎಲೆಯ ಕಷಾಯ, ದಿನವಿಡೀ ಫ್ಲಾಸ್ಕ್ ಹಿಡಿದುಕೊಂಡು. ಅದರ ಫೋಟೋವನ್ನೂ ಕಂಡವರು ‘ನೋಡಿ ಫ್ಲಾಸ್ಕ್’ ಎಂದರು.

ಮೇ ಎರಡನೇ ವಾರ ಅವನಿಗೆ ತಡೆಯಲಾಗಲಿಲ್ಲ. ಕ್ಲಬ್ಬಿಗೆ ಹೋಗಿ ನಿಜ ಹೇಳಿದ. ಆಟಗಾರರ ಕರಾರು ನೋಡಿಕೊಳ್ಳುವ ಅಧಿಕಾರಿ ಕೆಟ್ಟವನಲ್ಲ. ಅನುಮತಿಯಿಲ್ಲದೆ ಹೋದದ್ದು ತಪ್ಪು, ಸುಳ್ಳು ಹೇಳಿದ್ದು ಇನ್ನೂ ತಪ್ಪು, ಆದರೆ ಕರೆದವರು ಒತ್ತಾಯ ಮಾಡಿ ಹೊಡೆಸಿದ್ದು ನಿಜವಾದರೆ ಅದು ಬೇರೆ ಮಾತು, ಆ ಕೂಟದ ಮುಖ್ಯಸ್ಥರು ಒಂದು ಸಲ ಫೋನಿನಲ್ಲಿ ಹೇಳಲಿ ಎಂದ. ಕೋಚ್‌ಗೆ ಹುಡುಗ ಬೇಕಾಗಿದ್ದ. ಒಂದೇ ಒಂದು ಫೋನ್.

ಮಾವನಿಗೆ ಹೇಳಿದೆ. ಮಾವ ಕಮಿಟಿ ಕರೆದರು, ಜೂಮ್‌ನಲ್ಲಿ. ನನ್ನನ್ನೂ ಸೇರಿಸಿಕೊಂಡರು. ಕಾರ್ಯಕ್ರಮದ ವಿಡಿಯೋ ಆಗಲೇ ಕೂಟದ ಪುಟದಿಂದ ತೆಗೆದಾಗಿತ್ತು. ಮೂಲ ಎಲ್ಲಿ ಎಂದರೆ ಕ್ಯಾಮೆರಾದ ಕಾರ್ಡ್ ಕೆಟ್ಟಿದೆ ಎಂದರು. ಶಾಲೆಯ ಬಾಡಿಗೆ ಪತ್ರದಲ್ಲಿ ಹಾಲ್‌ನೊಳಗೆ ಚೆಂಡಾಟ ಕೂಡದೆಂದು ಇತ್ತಂತೆ.

‘ಅವನು ಸೂ ಮಾಡಿ ಕೋರ್ಟಿಗೆ ಎಳೆದ್ರೆ?’ ಎಂದರು ಖಜಾಂಚಿ ಅಂಕಲ್.

‘ಅವನು ಸೂ ಮಾಡಲ್ಲ ಅಂಕಲ್. ನಡೆದದ್ದು ಹೇಳಿ ಅಂತ ಕೇಳ್ತಿದಾನೆ, ಅಷ್ಟೇ.’

‘ಅವನು ಮಾಡಲ್ಲ, ಕ್ಲಬ್ ಮಾಡತ್ತೆ. ಶಾಲೆಯೋರು ಹಾಲ್ ಕೊಡದೆ ಇದ್ರೆ ದೀಪಾವಳಿ ಎಲ್ಲಿ, ರಾಜ್ಯೋತ್ಸವ ಎಲ್ಲಿ? ಇನ್ನೂರು ಫ್ಯಾಮಿಲಿ ಇದೆಯಮ್ಮ.’

ಮೆಟ್ಟಿಲ ಬಳಿ ಚಪ್ಪಲಿ ಬಿಡಿಸುತ್ತಿದ್ದ ಆಂಟಿ ಕ್ಯಾಮೆರಾ ಆಫ್ ಮಾಡಿಕೊಂಡೇ ಕೇಳಿದರು: ‘ಅಲ್ಲಾ, ನಿನಗ್ಯಾಕೆ ಇಷ್ಟು ಇಂಟ್ರೆಸ್ಟು? ಮನೇಲಿ ಗೊತ್ತಾ?’

ಯಾರೋ ನಕ್ಕರು. ಮಾವ ನಗಲಿಲ್ಲ, ತಡೆಯಲೂ ಇಲ್ಲ. ನಾನು ಏನೋ ಕೂಗಿದೆ, ಮ್ಯೂಟ್ ಮಾಡಿದರು.

ಮರುದಿನ ಮಾವನೇ ಫೋನ್ ಮಾಡಿದರು. ‘ಕಮಿಟಿ ಬಿಡು, ನಾನು ಮಾತಾಡ್ತೀನಿ. ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?’ ನಂಬಿದೆ. ಹುಡುಗನಿಗೆ ಹೇಳಿದಾಗ ಅವನು ಒಂಟಿ ಕಾಲಿನಲ್ಲೇ ಅಡುಗೆಮನೆ ಸುತ್ತ ಕುಂಟುತ್ತ ಕುಣಿದ.

ಜೂನ್ ಮೊದಲ ಸೋಮವಾರ, ಕ್ಲಬ್ಬಿನ ಆಫೀಸು. ಹುಡುಗ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ನಾನು ಪಕ್ಕದಲ್ಲಿ. ಅಧಿಕಾರಿ ಫೋನನ್ನು ಸ್ಪೀಕರಿಗೆ ಹಾಕಿದ. ಮಾವ ತಮ್ಮ ಆಫೀಸಿನ ಇಂಗ್ಲಿಷ್‌ನಲ್ಲಿ ಮಾತಾಡಿದರು. ಹುಡುಗ ತುಂಬ ವಿನಯವಂತ, ಕಾರ್ಯಕ್ರಮದಲ್ಲಿ ಮದ್ಯ ಇರಲಿಲ್ಲ, ಎಲ್ಲ ಸಂಸಾರಸ್ಥರು. ನಾನು ಉಸಿರು ಬಿಟ್ಟೆ. ಅಧಿಕಾರಿ ಕೇಳಿದ: ‘ಚೆಂಡು ಹೊಡೆಯಲು ಅವನಿಗೆ ಯಾರು ಹೇಳಿದರು?’

‘ಯಾರೂ ಹೇಳಲಿಲ್ಲ’ ಎಂದರು ಮಾವ. ‘ಮಕ್ಕಳನ್ನು ನೋಡಿ ಖುಷಿಯಾಗಿ ಅವನೇ ಮುಂದೆ ಬಂದ. ನಮಗೇ ಆಶ್ಚರ್ಯವಾಯಿತು. ಶೂ ಹಾಕಿಕೋ ಎಂದು ನಾವು ಹೇಳಿದೆವು ಕೂಡ.’

ನಾನು ಕನ್ನಡದಲ್ಲಿ ಕಿರುಚಿದೆ: ‘ಮಾವ, ಸುಳ್ಳು ಹೇಳ್ಬೇಡಿ! ಮೈಕಲ್ಲಿ ನೀವೇ ಹೇಳಿದ್ರಿ!’

ಫೋನಿನಲ್ಲಿ ಒಂದು ಸಣ್ಣ ನಗು. ‘ಕ್ಷಮಿಸಿ. ನನ್ನ ತಂಗಿಯ ಮಗಳು. ಅವಳಿಗೆ ಅವನ ಮೇಲೆ ಸ್ವಲ್ಪ ಭಾವುಕತೆ.’

ಅಧಿಕಾರಿ ನನ್ನನ್ನು ನೋಡಿದ ರೀತಿ ಬದಲಾಯಿತು. ಆ ಕ್ಷಣದಿಂದ ನನ್ನ ಮಾತಿಗೆ ಬೆಲೆಯಿಲ್ಲ. ನಾನು ಹೇಳಿದೆ, ಎಲ್ಲವನ್ನೂ, ಕ್ರಮವಾಗಿ, ಯಾರು ಎಲ್ಲಿ ನಿಂತಿದ್ದರು ಎಂಬುದರ ಸಮೇತ. ಅವನು ತಾಳ್ಮೆಯಿಂದ ಕೇಳಿ ಪೆನ್ನು ಮುಚ್ಚಿದ. ಹುಡುಗನಿಗೆ ಅಷ್ಟು ಇಂಗ್ಲಿಷ್ ಅರ್ಥವಾಗುತ್ತಿತ್ತು. ಅವನು ಫೋನಿನ ಕಡೆ ಬಾಗಿ ಮಾವನಿಗೆ ‘ಥ್ಯಾಂಕ್ಯೂ ಸರ್’ ಎಂದ. ಎಲ್ಲಕ್ಕಿಂತ ನನಗೆ ಸಹಿಸಲಾಗದ್ದು ಅದು. ಎರಡು ಸಲ ಸುಳ್ಳುಗಾರನೆನಿಸಿಕೊಂಡ ಹುಡುಗ, ತನ್ನನ್ನು ಸುಳ್ಳುಗಾರನನ್ನಾಗಿ ಮಾಡಿದವನಿಗೆ ಥ್ಯಾಂಕ್ಯೂ ಹೇಳಿದ.

ಜೂನ್ ಮುಗಿಯುವ ಮೊದಲೇ ಕ್ಲಬ್ ಎರಡು ಸಾಲಿನ ಪ್ರಕಟಣೆ ಕೊಟ್ಟಿತು: ಕೊಳ್ಳುವ ಹಕ್ಕನ್ನು ಬಳಸುತ್ತಿಲ್ಲ, ಶುಭವಾಗಲಿ. ಜುಲೈನಲ್ಲಿ ನಾನೇ ಅವನನ್ನು ಓಹೇರ್ ವಿಮಾನ ನಿಲ್ದಾಣಕ್ಕೆ ಬಿಟ್ಟೆ. ಹಳೆಯ ತಂಡ ಅವನನ್ನು ಎರಡನೇ ಡಿವಿಷನ್‌ಗೆ ಕಳಿಸಲಿದೆ ಎಂದಿದ್ದ. ಮಾವನ ಬಗ್ಗೆ ಒಂದು ಮಾತೂ ಆಡಲಿಲ್ಲ. ನನಗೇ ತಡೆಯದೆ ‘ನಿನಗೆ ಸಿಟ್ಟು ಬರಲ್ವಾ?’ ಎಂದು ಕೇಳಿದೆ. ‘ಬರತ್ತೆ. ಆದರೆ ನಾನು ಸಿಟ್ಟು ಮಾಡ್ಕೊಂಡ್ರೆ ಅದನ್ನೂ ಬರೀತಾರೆ’ ಅಂದ.

ಸೆಪ್ಟೆಂಬರ್‌ನಲ್ಲಿ ಮಾವನಿಗೆ ಅರವತ್ತು ತುಂಬಿತು. ಶಾಂತಿ, ಹೋಮ, ಊಟ. ಅಮ್ಮ ಫೋನ್ ಮಾಡಿದಳು.

‘ಶುಕ್ರವಾರನೇ ಡ್ರೈವ್ ಮಾಡ್ಕೊಂಡು ಬಂದ್ಬಿಡು.’

‘ಬರಲ್ಲ.’

‘ಯಾವನೋ ಊರು ಕೇರಿ ಗೊತ್ತಿಲ್ಲದ ಹುಡುಗನಿಗೋಸ್ಕರ ಸ್ವಂತ ಸೋದರಮಾವನ್ನ ಬಿಡ್ತೀಯಾ? ಅಣ್ಣ ಸ್ಪಾನ್ಸರ್ ಮಾಡದೆ ಇದ್ದಿದ್ರೆ ನಾವು ಈ ದೇಶದಲ್ಲೇ ಇರ್ತಿರಲಿಲ್ಲ. ಅರವತ್ತು ಒಂದೇ ಸಲ ಬರೋದು ಕಣೇ.’

‘ಅವನಿಗೆ ಇಪ್ಪತ್ತೂ ಒಂದೇ ಸಲ ಬಂದಿದ್ದು.’

ನಾನು ಬಿಡಲಿಲ್ಲ.

‘ನೀನು ಎರಡನೇ ಸಾಲಲ್ಲಿ ಕೂತಿದ್ದೆ ಅಮ್ಮ. ಮೈಕಲ್ಲಿ ಮಾವ ಹೇಳಿದ್ದು ಕೇಳಿಸ್ತಾ, ಇಲ್ವಾ?’

‘ಕೇಳಿಸ್ತು.’

‘ಶೂ ಬೇಡ ಅಂದಿದ್ದು?’

‘ಅದೂ ಕೇಳಿಸ್ತು.’

‘ಹಾಗಾದ್ರೆ ನೀನು ಹೇಳು. ಕ್ಲಬ್ಬಿನ ನಂಬರ್ ನನ್ನ ಹತ್ರ ಇದೆ. ಎರಡು ನಿಮಿಷ. ಅವನ ಕೆಲಸ ವಾಪಸ್ ಬರಲ್ಲ, ಸುಳ್ಳುಗಾರ ಅನ್ನೋದಾದ್ರೂ ಹೋಗತ್ತೆ. ಬೇರೆ ತಂಡದೋರು ಕೇಳಿದಾಗ ಆ ಆಫೀಸಿನೋರು ಸರಿಯಾದ ಮಾತು ಹೇಳ್ತಾರೆ. ಹೇಳು, ನಾನು ಶುಕ್ರವಾರ ಬರ್ತೀನಿ.’

‘ಅಣ್ಣನ ವಿರುದ್ಧ ನಾನು ಹೇಗೆ ಹೇಳ್ಲಿ? ನಂಗೇನು ಗೊತ್ತಾಗತ್ತೆ ಫುಟ್‌ಬಾಲು.’

‘ಫುಟ್‌ಬಾಲ್ ಗೊತ್ತಿರ್ಬೇಕಾಗಿಲ್ಲ. ಕಿವಿ ಇದ್ರೆ ಸಾಕು.’

‘ನಿನ್ನ ಬ್ಲೌಸ್ ಹೊಲಿಸಿ ಆಗಿದೆ. ಹಸಿರು ಸೀರೆಗೆ. ಬಾರೇ.’

ಬೇರೆ ಯಾರಿಗಾದರೂ ಕೊಡು ಎಂದೆ. ಅಮ್ಮ ಅತ್ತಳು. ನಾನು ಅಳಲಿಲ್ಲ. ಶುಕ್ರವಾರ ಹೋಗಲೂ ಇಲ್ಲ.